ಬೀಗ ಹಿಡಿದವರು

ಬೀಗವಿರುವುದು ಕಳ್ಳರಿಗಾಗಿ ಎಂದು ನಮ್ಮೆಲ್ಲರ ನಂಬಿಕೆ. ಕಳ್ಳರ ಭಯವೇ ಇಲ್ಲದ ಕಡೆಯಲ್ಲೂ ಬೀಗ ಬೇಕಾಗುತ್ತದೆಂಬುದನ್ನು ನನಗೆ ಕಲಿಸಿದ್ದು ಒಂದು ಹಳೆಯ ಕಂಪ್ಯೂಟರು. ಕನ್ನಡ ಮೇಷ್ಟರಿಗೂ ಕಂಪ್ಯೂಟರಿಗೂ ಎಲ್ಲಿಯ ನಂಟು ಎನ್ನುತ್ತೀರೇನೋ. ಅದು ನಂಟಸ್ತಿಕೆಯಿಂದಲೇ ಬಂದದ್ದು. ಇಂಗ್ಲೆಂಡಿನಲ್ಲಿದ್ದ ನನ್ನ ಸೋದರಮಾವ ಮನೆಯಲ್ಲಿ ಅಮಿಗಾ 500 ಎಂಬ ಯಂತ್ರವನ್ನಿಟ್ಟುಕೊಂಡಿದ್ದರು. ಅವರು ಕಾಲವಾದ ಮೇಲೆ ಅತ್ತೆ ಅದನ್ನೂ ಒಂದು ಡಬ್ಬಿ ಫ್ಲಾಪಿಗಳನ್ನೂ ಮೈಸೂರಿಗೆ ತಂದರು. ಮಾವ ಊರಿಗೆ ಬರೆದ ಕಾಗದಗಳ ಪ್ರತಿಗಳೆಲ್ಲ ಅದರಲ್ಲಿದ್ದವು. ಮಾತು ಕನ್ನಡ, ಲಿಪಿ ಮಾತ್ರ ಇಂಗ್ಲಿಷು.

1987ರಲ್ಲಿ ಬಂದ ಈ ಯಂತ್ರದ ಒಂದು ಫ್ಲಾಪಿಯಲ್ಲಿ ಹಿಡಿಯುತ್ತಿದ್ದುದು 880 ಕಿಲೋಬೈಟು ಮಾತ್ರ. ಆದುದರಿಂದ ಕಡತಗಳನ್ನು ಅಮುಕಿ ಒಂದೇ ಗಂಟಾಗಿ ಕಟ್ಟಿಡುವ ರೂಢಿಯಿತ್ತು. ಅಮಿಗಾದವರಿಗೆ ಪ್ರಿಯವಾಗಿದ್ದ ಗಂಟಿನ ಮೂಲ ಜಪಾನಿನ ಹರುಯಾಸು ಯೊಶಿಝಾಕಿಯವರು 1988ರಲ್ಲಿ ಹೊರತಂದ ಎಲ್‌ಎಚ್‌ಆರ್ಕ್. ಗಂಟು ಬಿಚ್ಚಲೂ ಒಂದು ಪ್ರೋಗ್ರಾಂ ಬೇಕು.

ಆ ಪುಟ್ಟ ಯಂತ್ರದಲ್ಲಿ ಹಲವು ಪ್ರೋಗ್ರಾಂಗಳು ಒಟ್ಟಿಗೆ ಓಡುತ್ತಿದ್ದವು. ಅವುಗಳ ನಡುವೆ ಜಗಳವಾಗದಿರಲೆಂದೇ ಬೀಗಗಳು. ಕಡತಗಳ ಈ ಏರ್ಪಾಡು ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಟ್ರೈಪಾಸ್ ಎಂಬ ವ್ಯವಸ್ಥೆಯಿಂದ ಬಂದದ್ದು. ಬೀಗದಲ್ಲಿ ಎರಡು ಬಗೆ ಉಂಟು. ವಾಚನಾಲಯದ ಪತ್ರಿಕೆಯನ್ನು ನಾಲ್ವರು ಒಟ್ಟಿಗೆ ಬಗ್ಗಿ ಓದಬಹುದಲ್ಲವೆ, ಒಂದು ಬಗೆ ಹಾಗೆ. ರಟ್ಟು ಕಟ್ಟುವವನು ಪುಸ್ತಕವನ್ನು ಒಯ್ದರೆ ಅವನು ತರುವ ತನಕ ಇತರರು ಮುಟ್ಟುವಂತಿಲ್ಲ, ಇನ್ನೊಂದು ಹಾಗೆ. ಬರೆಯುವವನಿಗೆ ಈ ಎರಡನೆಯದು ಬೇಕು. ಕೆಲಸ ಮುಗಿದೊಡನೆ ಬೀಗ ಬಿಡುವುದು ಹಿಡಿದವನದೇ ಧರ್ಮ. ಇಂದಿನ ಯಂತ್ರಗಳಲ್ಲಿ ಪ್ರೋಗ್ರಾಂ ಸತ್ತರೆ ಅದರ ಬೀಗಗಳನ್ನು ವ್ಯವಸ್ಥೆಯೇ ಬಿಡಿಸುತ್ತದೆ. ಅಮಿಗಾ ಹಾಗಲ್ಲ; ಬೀಗ ಬಿಡದೆ ಪ್ರೋಗ್ರಾಂ ಸತ್ತರೆ ಯಂತ್ರವನ್ನು ಮತ್ತೆ ಚಾಲೂ ಮಾಡುವವರೆಗೂ ಬೀಗ ಹಾಗೆಯೇ ಉಳಿಯುತ್ತದೆ.

ಗಂಟನ್ನು ಯಂತ್ರದ ನೆನಪಿನೊಳಗಿನ ತಾತ್ಕಾಲಿಕ ಕಪಾಟಿಗೆ ಬಿಚ್ಚತೊಡಗಿದೆವು. ಹನ್ನೊಂದು ಕಾಗದಗಳು ಬಂದವು. ಹನ್ನೆರಡನೆಯದರಲ್ಲಿ ಎಲ್ಲವೂ ನಿಂತಿತು. ಅದರ ಹೆಸರೇನೋ ಕಾಣುತ್ತಿತ್ತು. ಮುಟ್ಟಹೋದರೆ 202ನೆಯ ದೋಷ, ‘ಬಳಕೆಯಲ್ಲಿದೆ’ ಎಂಬ ಉತ್ತರ.

“ಸ್ವಿಚ್ಚು ಆರಿಸಿ ಹಾಕಬಾರದೇನೋ?” ಎಂದರು ಅತ್ತೆ.

ಆರಿಸಿದರೆ ಬೀಗ ಹೋಗುತ್ತಿತ್ತು, ನಿಜ; ನೆನಪಿನಲ್ಲಿದ್ದ ಹನ್ನೊಂದು ಕಾಗದಗಳೂ ಹೋಗುತ್ತಿದ್ದವು. ನಕಲು ಮಾಡಿಡಲು ಮನೆಯಲ್ಲಿ ಒಳ್ಳೆಯ ಖಾಲಿ ಫ್ಲಾಪಿ ಇರಲಿಲ್ಲ. ಮೂವತ್ತು ವರ್ಷದ ಫ್ಲಾಪಿ ಇನ್ನೊಮ್ಮೆ ಓದಗೊಟ್ಟೀತೆಂಬ ಭರವಸೆಯೂ ಇಲ್ಲ.

ಇಂಥಲ್ಲಿ ಕೇಳಬೇಕಾದ ಪ್ರಶ್ನೆ ಬೀಗ ಒಡೆಯುವುದು ಹೇಗೆಂಬುದಲ್ಲ, ಹಿಡಿದವರು ಯಾರೆಂಬುದು. ಅಮಿಗಾದಲ್ಲಿ ತೆರೆದಿಟ್ಟ ಕಿಟಕಿಯೂ ಒಂದು ಬೀಗವನ್ನು ಹಿಡಿದಿರುತ್ತದೆ. ಪರದೆಯ ಮೇಲಿನ ಕಿಟಕಿಗಳನ್ನು ಒಂದೊಂದಾಗಿ ಸರಿಸಿದೆ. ಕೊನೆಯದರ ಹಿಂದೆ ಸಣ್ಣದೊಂದು ಚೌಕ ಅವಿತಿತ್ತು: ಫ್ಲಾಪಿಯನ್ನು ಓದಲಾಗುತ್ತಿಲ್ಲ, ಮತ್ತೆ ಯತ್ನಿಸಲೇ, ಬಿಡಲೇ? ಪ್ರೋಗ್ರಾಂ ಸತ್ತಿರಲಿಲ್ಲ. ಪ್ರಶ್ನೆ ಕೇಳಿ, ಉತ್ತರಕ್ಕಾಗಿ ಬೀಗ ಹಿಡಿದು ಕಾದು ಕುಳಿತಿತ್ತು!

ಮೂರು ಸಲ ‘ಯತ್ನಿಸು’ ಎಂದೆ. ಫ್ಲಾಪಿ ನರಳಿತೇ ಹೊರತು ಓದಗೊಡಲಿಲ್ಲ. ‘ಬಿಡು’ ಎಂದೆ. ಪ್ರೋಗ್ರಾಂ ದೋಷವನ್ನು ವರದಿಮಾಡಿ ಬೀಗ ಬಿಟ್ಟಿತು. ಈ ಬಗೆಯ ಗಂಟಿನಲ್ಲಿ ಪ್ರತಿ ಕಡತವನ್ನೂ ಬೇರೆಬೇರೆಯಾಗಿ ಅಮುಕಿರುವುದರಿಂದ ಒಂದು ಕೆಟ್ಟರೆ ಉಳಿದವು ಕೆಡುವುದಿಲ್ಲ. ಮುಂದಿನ ಆರು ಕಾಗದಗಳನ್ನು ಹೆಸರಿಟ್ಟು ಕರೆದೆವು, ಬಂದವು. ಸ್ನೇಹಿತರೊಬ್ಬರು ಹೊಸ ಫ್ಲಾಪಿ ತಂದುಕೊಡುವವರೆಗೂ ಸ್ವಿಚ್ಚಿನ ಬಳಿ ಯಾರನ್ನೂ ಬಿಡಲಿಲ್ಲ.

ಬಾರದ ಕಾಗದದ ದಿನಾಂಕ ಮಾತ್ರ ಗಂಟಿನ ಪಟ್ಟಿಯಲ್ಲಿ ಉಳಿದಿತ್ತು: 1992ರ ನವೆಂಬರ್. ಅತ್ತೆ ಕನ್ನಡಕವನ್ನು ಏರಿಸಿಕೊಂಡು ನೋಡಿದರು.

“ಇದು ನಿಮ್ಮಮ್ಮನಿಗೆ ಬರೆದದ್ದು ಕಣೋ. ಪ್ರಿಂಟು ತೆಗೆದು ಅಂಚೆಗೆ ಹಾಕಿದವಳು ನಾನೇ. ನಿಮ್ಮ ಮನೆಯಲ್ಲೇ ಇರಬೇಕು, ಹುಡುಕು.”

ಹುಡುಕುತ್ತಿದ್ದೇನೆ.