ಫಡಕೆ ರಸ್ತೆಯ ಯುಗಾದಿ

ಚೈತ್ರ ಶುದ್ಧ ಪಾಡ್ಯದ ಬೆಳಗಿನ ಜಾವ ಡೊಂಬಿವಲಿಯ ಜನ ಸ್ಟೇಷನ್ನಿನ ಕಡೆಗೆ ಓಡುವುದಿಲ್ಲ. ವರ್ಷದ ಮಿಕ್ಕ ದಿನಗಳಲ್ಲಿ ಈ ಊರಿನ ನಡಿಗೆಗೆ ಇರುವುದು ಒಂದೇ ವೇಗ, ಹೊರಡಲಿರುವ ಲೋಕಲ್ಲನ್ನು ಹಿಡಿಯುವವನ ವೇಗ. ಆ ಒಂದು ದಿನ ಮಾತ್ರ ಅದೇ ಜನ ಜರಿಯಂಚಿನ ಸೀರೆಯುಟ್ಟು, ತಲೆಗೆ ಫೇಟಾ ಸುತ್ತಿ, ಫಡಕೆ ರಸ್ತೆಯಲ್ಲಿ ಹೆಜ್ಜೆ ಎಣಿಸುವವರಂತೆ ನಡೆಯುತ್ತಾರೆ. ಹೊಸ ವರ್ಷವನ್ನು ಮೆರವಣಿಗೆಯಲ್ಲಿ ಎದುರುಗೊಳ್ಳುವ ಈ ಸ್ವಾಗತಯಾತ್ರೆ ಇಲ್ಲಿನ ಗಣೇಶ ಮಂದಿರ ಸಂಸ್ಥಾನದ ಮುಂದಾಳುತನದಲ್ಲಿ 1999ರಲ್ಲಿ ಮೊದಲ ಬಾರಿಗೆ ಹೊರಟಿತು. ಆಮೇಲೆ ಠಾಣೆ, ಗಿರಗಾಂವ್ ಮೊದಲಾದ ಕಡೆಗಳಲ್ಲೂ ಇಂಥ ಯಾತ್ರೆಗಳು ಹೊರಟವು. ಡೊಂಬಿವಲಿಕರರು ಮಾತ್ರ ಇಂದಿಗೂ "ಮೊದಲು ನಡೆದದ್ದು ನಾವು" ಎಂದು ಹೇಳಿಕೊಳ್ಳಲು ಮರೆಯುವುದಿಲ್ಲ. ಹೀಗೆ ಹೇಳುವಾಗ ನಾವೂ ಆ "ನಾವು"ವಿನೊಳಗೆ ಸೇರಿಕೊಳ್ಳುತ್ತೇವೆ. ಆ ಸೇರಿಕೆ ಎಷ್ಟು ಗಟ್ಟಿಯಾದದ್ದು ಎಂಬುದನ್ನು ಕಲಿಸಿಕೊಟ್ಟ ಒಂದು ವರ್ಷದ ಕಥೆಯಿದು.

ನಾವು ಎಂದರೆ ನಾಲ್ಕು ಮನೆಯವರು. ಒಂದು ಮನೆ ಧಾರವಾಡದ್ದು, ಒಂದು ಬಾಗಲಕೋಟೆಯದು, ಒಂದು ಮೈಸೂರಿನದು, ಇನ್ನೊಂದು ಉಡುಪಿಯದು. ಊರಿನಲ್ಲಿದ್ದಿದ್ದರೆ ಒಬ್ಬರಿಗೊಬ್ಬರು ಸಿಗುತ್ತಲೇ ಇರಲಿಲ್ಲವೇನೋ. ಇಲ್ಲಿ ಒಂದೇ ಓಣಿಯ ಎರಡು ಕಟ್ಟಡಗಳಲ್ಲಿ ಸೇರಿಕೊಂಡೆವು. ಮೊದಮೊದಲು ಯಾತ್ರೆಯನ್ನು ಬಾಲ್ಕನಿಯಿಂದ ನೋಡಿ ಒಳಗೆ ಬಂದು ಹೋಳಿಗೆಗೆ ಹೂರಣ ರುಬ್ಬುವುದಷ್ಟೇ ನಮ್ಮ ಯುಗಾದಿಯಾಗಿತ್ತು. ಸುಮಾರು ಹನ್ನೆರಡು ವರ್ಷಗಳ ಹಿಂದೆ ಎದುರು ಮನೆಯ ಮರಾಠಿ ಕಾಕೂ ತಮ್ಮ ಗುಡಿಯ ತಾಮ್ರದ ತಂಬಿಗೆಯನ್ನು ಹುಣಸೆಹಣ್ಣಿನಿಂದ ತಿಕ್ಕುತ್ತ ಕೇಳಿದರು: "ಇದು ನಿಮ್ಮದೂ ಹೊಸ ವರ್ಷ ಅಲ್ಲವೇ? ಸ್ವಂತ ಹಬ್ಬವನ್ನು ಯಾರಾದರೂ ಮೇಲಿನಿಂದ ನೋಡುತ್ತಾರೆಯೇ?" ಅವರ ಮಾತು ನಿಜವಾಗಿತ್ತು. ಎರಡು ಸೀಮೆಗೂ ಒಂದೇ ಶಾಲಿವಾಹನ ಶಕೆ, ಸಂವತ್ಸರದ ಹೆಸರೂ ಒಂದೇ. ಅವರ ಮನೆಯಲ್ಲಿ ಬಿದಿರ ಗಳುವಿಗೆ ರೇಷ್ಮೆ ಬಟ್ಟೆ, ಬೇವಿನ ಟೊಂಗೆ, ಸಕ್ಕರೆಯ ಹಾರ ಕಟ್ಟಿ, ತುದಿಗೆ ತಂಬಿಗೆಯನ್ನು ಬೋರಲು ಹಾಕಿ ಗುಡಿ ಏರಿಸುತ್ತಾರೆ. ನಮ್ಮ ಬಾಗಿಲಿಗೆ ಮಾವಿನ ತೋರಣ. ಬೇವು ಮಾತ್ರ ಎರಡೂ ಮನೆಗಳಲ್ಲಿ ಅಷ್ಟೇ ಕಹಿ.

ಮರುವರ್ಷ ನಾವು ಕೆಳಗಿಳಿದೆವು. ಬರಿಗೈಯಲ್ಲಿ ನಡೆಯುವುದು ಹೇಗೆ ಎಂದು ಒಂದು ಬ್ಯಾನರು ಸಿದ್ಧವಾಯಿತು. ಫ್ಲೆಕ್ಸ್ ಬೇಡವೆಂದು ಉಡುಪಿಯ ಅಕ್ಕ ಕುಂಕುಮ ಬಣ್ಣದ ಹತ್ತಿ ಬಟ್ಟೆಯ ಮೇಲೆ ಹಳದಿ ಬಟ್ಟೆಯ ಅಕ್ಷರಗಳನ್ನು ಕತ್ತರಿಸಿ ಹೊಲಿದರು. ಮೇಲಿನ ಸಾಲಿನಲ್ಲಿ ಕನ್ನಡದಲ್ಲಿ "ಹೊಸ ವರ್ಷದ ಶುಭಾಶಯಗಳು", ಕೆಳಗೆ ಅದೇ ಮಾತು ಮರಾಠಿಯಲ್ಲಿ. ಹೊಲಿಯುತ್ತ ಅವರು ನಕ್ಕು ಹೇಳಿದ್ದರು: "ನಮಗೆ ವರ್ಷ ಹುಟ್ಟುವುದು ಏಪ್ರಿಲ್ ನಡುವೆ, ಬಿಸುವಿನ ದಿನ. ಈ ಹಬ್ಬ ನಿಮ್ಮದು, ಹೊಲಿಗೆ ಮಾತ್ರ ನನ್ನದು." ಕನ್ನಡದ ಬ್ಯಾನರನ್ನು ಹೊಲಿದವರಿಗೇ ಆ ದಿನ ಹೊಸ ವರ್ಷವಲ್ಲ ಎಂಬುದು ನಮಗೆ ಆಗ ಬರೀ ತಮಾಷೆಯಾಗಿ ಕಂಡಿತ್ತು.

ಬೇವಿನ ವಿಷಯದಲ್ಲೂ ನಮ್ಮಲ್ಲಿ ಒಮ್ಮತವಿರಲಿಲ್ಲ. ಮೈಸೂರಿನವರಿಗೆ ಎಳೆಯ ಬೇವಿನೆಲೆ, ಹೂವು, ಬೆಲ್ಲದ ಚೂರು ಇದ್ದರೆ ಸಾಕು. ಧಾರವಾಡದ ಅವ್ವನಿಗೆ ಬೇವು ಎಂದರೆ ಬೆಲ್ಲದ ನೀರಿಗೆ ಹುಣಸೆ, ಪುಟಾಣಿ ಹಿಟ್ಟು, ದ್ರಾಕ್ಷಿ, ಗೋಡಂಬಿ, ಬೇವಿನ ಹೂವು ಹಾಕಿ ಕದಡಿದ ಪಾನಕ. "ಬೇವು ಕುಡೀಬೇಕು. ಹಂಗ ತಿಂದ್ರ ಅದು ಔಷಧ ಆಗ್ತದ" ಎಂಬುದು ಅವಳ ತೀರ್ಪು. ಕೊನೆಗೆ ಎರಡೂ ಬಂದವು. ತಟ್ಟೆಯಲ್ಲಿ ಒಣ ಬೇವು-ಬೆಲ್ಲ, ಸ್ಟೀಲಿನ ಕ್ಯಾನಿನಲ್ಲಿ ಅವ್ವನ ಬೇವು. ದಾರಿಯ ಎರಡೂ ಬದಿಯವರಿಗೆ ಹಂಚುತ್ತ ನಡೆಯುವುದು ನಮ್ಮ ಪದ್ಧತಿಯಾಯಿತು.

ಆ ದಾರಿಯಲ್ಲಿ ನಮಗಾಗಿ ಕಾಯುವವರೊಬ್ಬರಿದ್ದರು. ಫಡಕೆ ರಸ್ತೆಯ ಒಂದು ಹಳೆಯ ಕಟ್ಟಡದ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ಮರಾಠಿ ಅಜೋಬಾ. ರೈಲ್ವೆ ನೌಕರಿಯಲ್ಲಿದ್ದಾಗ ಕೆಲವು ವರ್ಷ ಹುಬ್ಬಳ್ಳಿಯಲ್ಲಿದ್ದರಂತೆ. ನಮ್ಮ ಬ್ಯಾನರು ಹತ್ತಿರ ಬಂದೊಡನೆ ಕನ್ನಡಕ ಸರಿಪಡಿಸಿಕೊಂಡು, ಒಂದನೇ ತರಗತಿಯ ಹುಡುಗನ ಹಾಗೆ ಬೆರಳು ಚಾಚಿ "ಹೊ... ಸ... ವ... ರ್ಷ..." ಎಂದು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು. ಪೂರ್ತಿ ಓದಿ ಮುಗಿಯುವವರೆಗೆ ನಾವು ನಿಲ್ಲಬೇಕು, ಹಿಂದಿನ ತಂಡದವರು ಗೊಣಗಬೇಕು. ಓದಿ ಮುಗಿಸಿ, ಅವ್ವನ ಕೈಯಿಂದ ಬೇವು ಕುಡಿದು, "ಛಲೋ ಅದ" ಎನ್ನುತ್ತಿದ್ದರು. ಅವರಿಗೆ ಉಳಿದಿದ್ದ ಕನ್ನಡ ಅಷ್ಟೇ ಎಂದು ತೋರುತ್ತಿತ್ತು. ಅವರ ಹೆಸರನ್ನು ನಾವು ಕೇಳಲಿಲ್ಲ, ನಮ್ಮದನ್ನು ಅವರೂ ಕೇಳಲಿಲ್ಲ.

2020ರ ಪಾಡ್ಯ ಮಾರ್ಚ್ 25ರಂದು ಬಂತು. ದೇಶಕ್ಕೆ ದೇಶವೇ ಬೀಗ ಹಾಕಿಕೊಂಡ ಮೊದಲ ದಿನ ಅದು. ಮರುವರ್ಷವೂ ರಸ್ತೆ ಖಾಲಿ. 2022ರ ಏಪ್ರಿಲ್ 2ರಂದು, ಸರಿಯಾಗಿ ಪಾಡ್ಯದ ದಿನವೇ, ಮಹಾರಾಷ್ಟ್ರದಲ್ಲಿ ಕೋವಿಡ್ ನಿರ್ಬಂಧಗಳು ತೆರವಾದವು. ಆ ವರ್ಷ ಅಜೋಬಾ ಕುರ್ಚಿಯಲ್ಲಿರುವುದನ್ನು ಕಂಡು ಅವ್ವ ಕ್ಯಾನನ್ನು ಕೆಳಗಿಟ್ಟು ಎರಡೂ ಕೈ ಜೋಡಿಸಿದಳು. ಅವರು ಆ ಸಾಲನ್ನು ಎರಡು ಸಲ ಓದಿದರು.

ಅದೇ ವರ್ಷದ ಡಿಸೆಂಬರಿನಲ್ಲಿ ಗಡಿಯ ವಿವಾದ ಮತ್ತೆ ಹೊತ್ತಿಕೊಂಡಿತು. ಬೆಳಗಾವಿಯ ಕಡೆ ಮಹಾರಾಷ್ಟ್ರದ ವಾಹನಗಳಿಗೆ ಕಲ್ಲು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ. ಎರಡು ರಾಜ್ಯಗಳ ನಡುವಿನ ಬಸ್ ಸಂಚಾರಕ್ಕೂ ಅಡ್ಡಿಯಾಯಿತು. ನಮ್ಮ ಓಣಿಯಲ್ಲಿ ಏನೂ ಆಗಲಿಲ್ಲ. ಹಾಲಿನವನು ಹಾಲು ಹಾಕಿದ, ಕಾಕೂ ಎಂದಿನಂತೆ ಡಬ್ಬಿಯಲ್ಲಿ ಥಾಲಿಪೀಠ ಕಳಿಸಿದರು. ಆದರೂ ಲೋಕಲ್ಲಿನಲ್ಲಿ ಊರಿನಿಂದ ಫೋನು ಬಂದರೆ ನಾವು ದನಿ ತಗ್ಗಿಸಿ ಮಾತಾಡತೊಡಗಿದೆವು. ಯಾರೂ ಗದರಿಸಿರಲಿಲ್ಲ, ದನಿ ತಾನಾಗಿಯೇ ತಗ್ಗಿತ್ತು.

ಮಾರ್ಚ್ ಬಂತು. 2023ರ ಪಾಡ್ಯ 22ನೆಯ ತಾರೀಖಿಗೆ. ಹಿಂದಿನ ಭಾನುವಾರ ನಾಲ್ಕೂ ಮನೆಯವರು ಸೇರಿದಾಗ ಅಕ್ಕ ಬ್ಯಾನರನ್ನು ಇಸ್ತ್ರಿ ಮಾಡಿ ತಂದಿದ್ದರು. ಅದನ್ನು ಬಿಚ್ಚುವ ಮೊದಲೇ ಒಬ್ಬರೆಂದರು: "ಈ ಸಲ ಬೇಡವೇನೋ." ಎಲ್ಲರ ಮನಸ್ಸಿನಲ್ಲೂ ಇದ್ದ ಮಾತೇ ಅದು, ಆಡಿದವರು ಒಬ್ಬರು ಮಾತ್ರ. ಮರಾಠಿ ಸಾಲನ್ನು ಮೇಲಕ್ಕೆ ಹೊಲಿದರೆ ಹೇಗೆ ಎಂದರು ಇನ್ನೊಬ್ಬರು. ಕನ್ನಡದ ಮೇಲೆ ಹೂವಿನ ಹಾರ ಇಳಿಬಿಟ್ಟರೆ ಹೇಗೆ ಎಂದರು ಮತ್ತೊಬ್ಬರು. ಗುಂಪಿನಲ್ಲಿ ಯಾರೋ ಒಬ್ಬ ತಲೆಕೆಟ್ಟವನಿದ್ದರೆ ಸಾಕು, ಮಕ್ಕಳಿದ್ದಾರೆ, ಮುದುಕರಿದ್ದಾರೆ ಎಂಬ ವಾದಕ್ಕೆ ಉತ್ತರವಿರಲಿಲ್ಲ. ಅವ್ವ ಕೂಡ "ಹಬ್ಬದ ದಿನ ಯಾಕ ಬೇಕು? ಒಂದ್ ವರ್ಷ ಬಿಡ್ರಿ" ಎಂದಳು.

ಎದುರಾಡಿದವಳು ಒಬ್ಬಳೇ. ನಮ್ಮ ಧಾರವಾಡ ಮನೆಯ ಮಗಳು, ಕಾಲೇಜಿಗೆ ಹೋಗುವವಳು, ಎರಡು ತಿಂಗಳಿಂದ ಢೋಲ್-ತಾಶಾ ಪಥಕದಲ್ಲಿ ಢೋಲು ಬಾರಿಸಲು ಕಲಿಯುತ್ತಿದ್ದವಳು. "ಯಾರಿಗ ಅಂಜಿ ಇದನ್ನ ಮುಚ್ಚಿಡ್ಲಿಕ್ಕತ್ತೀರಿ? ಕಾಕೂಗೇನು?" ಎಂದು ಕೇಳಿದಳು. ಛೇ, ಕಾಕೂಗೆ ಅಲ್ಲ ಎಂದೆವು. "ಮತ್ತ ಯಾರಿಗೆ? ಅಲ್ಲಿ ನಡಿಯೋರೆಲ್ಲ ಯಾರೋ ಒಬ್ಬರಿಗೆ ಕಾಕೂನೇ ಅಲ್ಲೇನು?" ನಾವು ಅವಳ ವಯಸ್ಸಿನ ಬಗ್ಗೆ ಏನೋ ಹೇಳಿ ಮಾತು ಮುಗಿಸಿದೆವು. ಅಕ್ಕ ಮಾತಾಡಲಿಲ್ಲ. ಬ್ಯಾನರನ್ನು ಇಸ್ತ್ರಿಯ ಗೆರೆ ಕೆಡದಂತೆ ಮಡಚಿ, ಹಳೆಯ ದಿಂಬಿನ ಚೀಲದೊಳಗಿಟ್ಟರು.

ಆ ವರ್ಷವೂ ಯಾತ್ರೆ ಸೊಗಸಾಗಿಯೇ ಇತ್ತು. ರಸ್ತೆಯ ಉದ್ದಕ್ಕೂ ರಂಗೋಲಿ. ಗಣಪತಿಯ ಪಲ್ಲಕ್ಕಿ, ತಾಳ ಕುಟ್ಟುವ ವಾರಕರಿಗಳು, ಲೇಝಿಮ್ ಹಿಡಿದ ಶಾಲೆಯ ಮಕ್ಕಳು, ಒಂಬತ್ತು ಗಜದ ಕಚ್ಚೆ ಸೀರೆಯುಟ್ಟು ಬುಲೆಟ್ ಓಡಿಸುವ ಹೆಂಗಸರು, ಲಾರಿಗಳ ಮೇಲೆ ಸ್ತಬ್ಧಚಿತ್ರಗಳು. ಢೋಲಿನ ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತದೆ. ಅದರ ನಡುವೆ ಎಲ್ಲೋ ನಮ್ಮ ಹುಡುಗಿಯ ಢೋಲೂ ಇತ್ತು. ನಾವು ತಟ್ಟೆ, ಕ್ಯಾನು ಹಿಡಿದು ನಡೆದೆವು. ಯಾರೂ ನಮ್ಮನ್ನು ಏನೂ ಅನ್ನಲಿಲ್ಲ, ಏಕೆಂದರೆ ಯಾರಿಗೂ ನಾವು ಕಾಣಿಸಲಿಲ್ಲ. ಬೇವು-ಬೆಲ್ಲ ಕೊಟ್ಟರೆ ತೆಗೆದುಕೊಂಡರು, ಧನ್ಯವಾದ ಹೇಳಿದರು, ಮುಂದಿನ ತಂಡದತ್ತ ನೋಡಿದರು.

ಅಜೋಬಾ ಕುರ್ಚಿಯಲ್ಲಿದ್ದರು. ಕನ್ನಡಕ ಸರಿಪಡಿಸಿಕೊಂಡು ಬರುವ ಸಾಲನ್ನೇ ದಿಟ್ಟಿಸುತ್ತಿದ್ದರು. ಅವರ ಕಣ್ಣು ನಮ್ಮ ಮೇಲೆ ಹಾದು, ನಮ್ಮ ಹಿಂದಕ್ಕೆ ಹೋಯಿತು. ಅವರು ನಮ್ಮ ಮುಖಗಳನ್ನು ಎಂದೂ ಗುರುತಿಟ್ಟುಕೊಂಡಿರಲಿಲ್ಲ. ಗುರುತಿದ್ದದ್ದು ಆ ಅಕ್ಷರಗಳದು. ಅವ್ವ ಬೇವು ಕೊಡಬೇಕೆಂದು ಒಂದು ಹೆಜ್ಜೆ ಸರಿದಳು. ಅಷ್ಟರಲ್ಲಿ ಹಿಂದಿನ ಪಥಕ ನುಗ್ಗಿ ಬಂದು ನಮ್ಮನ್ನು ಮುಂದೆ ತಳ್ಳಿತು. ತಿರುಗಿ ನೋಡಿದಾಗಲೂ ಅವರು ರಸ್ತೆಯ ಆ ತುದಿಯತ್ತಲೇ ಬೆರಳು ಅರ್ಧ ಎತ್ತಿಕೊಂಡು ನೋಡುತ್ತಿದ್ದರು.

ಮಂದಿರದ ಬಳಿ ಕಾಕೂ ಸಿಕ್ಕರು. ಮೊದಲ ಮಾತೇ, "ತುಮ್ಚಾ ಬ್ಯಾನರ್ ಕುಠಾಯ್?" ನಿಮ್ಮ ಬ್ಯಾನರ್ ಎಲ್ಲಿ? ಎಂಟು ಜನ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮಲ್ಲೊಬ್ಬರ ಬಾಯಿಂದ ಬಂದ ಉತ್ತರ: "ಒಗೆದು ಹಾಕಿದ್ದೆವು, ಒಣಗಲಿಲ್ಲ." ಮಾರ್ಚ್ ತಿಂಗಳ ಡೊಂಬಿವಲಿಯಲ್ಲಿ ಅರ್ಧ ಗಂಟೆಯಲ್ಲಿ ರಜಾಯಿ ಒಣಗುತ್ತದೆ. ಕಾಕೂ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ, "ನನಗೆ ಕೊಟ್ಟಿದ್ದರೆ ಇಸ್ತ್ರಿ ಹಾಕಿ ಒಣಗಿಸಿ ಕೊಡುತ್ತಿದ್ದೆನಲ್ಲ" ಎಂದು ಅವ್ವನ ಕೈಯಿಂದ ಬೇವು ಇಸಿದುಕೊಂಡು ಕುಡಿದರು. ಹೊಸ ಸಂವತ್ಸರ ಹುಟ್ಟಿ ಮೂರು ತಾಸೂ ಆಗಿರಲಿಲ್ಲ. ಆಗಲೇ ಒಂದು ಸುಳ್ಳು ಹೇಳಿದ್ದೆವು, ಅದೂ ನಮ್ಮನ್ನು ಬಾಲ್ಕನಿಯಿಂದ ಕೆಳಗಿಳಿಸಿದವರಿಗೆ.

ಆ ದಿನ ಮಧ್ಯಾಹ್ನ ಹೋಳಿಗೆ ಯಾರಿಗೂ ರುಚಿಸಲಿಲ್ಲ. ಅಂಜಿಕೆ ಪೂರಾ ಹುಸಿಯಾಗಿತ್ತೆಂದು ಈಗಲೂ ಹೇಳಲಾರೆವು. ಬಸ್ಸಿಗೆ ಮಸಿ ಬಿದ್ದದ್ದು ನಿಜ. ಆದರೆ ಬಸ್ಸಿಗೆ ಮಸಿ ಬಳಿದ ನಾಲ್ಕು ಜನರ ಮುಖವನ್ನು ನಾವು ನಮ್ಮ ಓಣಿಯವರೆಲ್ಲರ ಮುಖಕ್ಕೆ ಅಂಟಿಸಿಬಿಟ್ಟಿದ್ದೆವು. ಇಷ್ಟು ವರ್ಷ ಬೇವು ಹಂಚಿದ ಕೈಗಳಿಗಿಂತ ಟೀವಿಯಲ್ಲಿ ಎರಡು ನಿಮಿಷ ಕಂಡ ಕೈಗಳನ್ನು ಹೆಚ್ಚು ನಂಬಿದ್ದೆವು. ಗಡಿಯ ಆಚೆಯ ಯಾವುದಾದರೂ ಊರಿನಲ್ಲಿ ಮರಾಠಿ ಮನೆಯೊಂದು ಇದೇ ಅಂಜಿಕೆಯಿಂದ ತನ್ನದೊಂದು ಬಟ್ಟೆಯನ್ನು ಮಡಚಿಟ್ಟಿದ್ದರೆ, ಅವರಿಗೆ ಹೇಳಲು ನಮ್ಮಲ್ಲಿ ಮಾತಿರಲಿಲ್ಲ. ಉಡುಪಿಯ ಅಕ್ಕ ಆ ಸಂಜೆ ಹೇಳಿದ್ದಿಷ್ಟೇ: "ನನ್ನ ಹಬ್ಬವಲ್ಲ ಎಂದು ನಾನು ಒಂದು ವರ್ಷವೂ ಮನೆಯಲ್ಲಿ ಕೂರಲಿಲ್ಲ. ನೀವು ಕರೆದಿರಿ, ಬಂದೆ. ನಿಮ್ಮನ್ನೂ ಕರೆದಿದ್ದರಲ್ಲ."

2024ರ ಏಪ್ರಿಲ್ 9ರಂದು ಪಾಡ್ಯ. ಆ ಸಲ ಸಭೆ ಸೇರಲಿಲ್ಲ, ಚರ್ಚೆಯೂ ಆಗಲಿಲ್ಲ. ಅಕ್ಕ ದಿಂಬಿನ ಚೀಲದಿಂದ ಬ್ಯಾನರನ್ನು ತೆಗೆದಾಗ ಮಡಿಕೆಯ ಜಾಗದಲ್ಲಿ ಬಣ್ಣ ಮಾಸಿ ಅಡ್ಡಲಾಗಿ ಒಂದು ಬಿಳಿ ಗೆರೆ ಎದ್ದಿತ್ತು. ಎಷ್ಟು ಇಸ್ತ್ರಿ ತಿಕ್ಕಿದರೂ ಅದು ಹೋಗಲಿಲ್ಲ. ಹಾಗೆಯೇ ಹಿಡಿದು ಹೊರಟೆವು. ಒಂದು ಕೋಲನ್ನು ಮೈಸೂರಿನವರು ಹಿಡಿದರು, ಇನ್ನೊಂದನ್ನು ಬಾಗಲಕೋಟೆಯವರು.

ಆ ಹಳೆಯ ಕಟ್ಟಡದ ಮುಂದೆ ಬಂದಾಗ ನಮ್ಮ ನಡಿಗೆ ತಾನಾಗಿಯೇ ನಿಂತಿತು. ಕುರ್ಚಿ ಇರಲಿಲ್ಲ. ಅಜೋಬಾ ಮಳೆಗಾಲಕ್ಕೆ ಮೊದಲೇ ಮಗನ ಮನೆಗೆಂದು ಪುಣೆಗೆ ಹೋದರೆಂದು ಕಾವಲುಗಾರ ಹೇಳಿದ. ಅವ್ವ ಒಂದು ಲೋಟ ಬೇವನ್ನು ಆ ಕಾವಲುಗಾರನಿಗೆ ಕೊಟ್ಟಳು. ಅವನು ಕುಡಿದು ಮುಖ ಹಿಂಡಿದ. ಆ ಸಾಲನ್ನು ಅಕ್ಷರ ಕೂಡಿಸಿ ಓದುವವರು ಈಗ ಆ ರಸ್ತೆಯಲ್ಲಿ ಯಾರಿದ್ದಾರೋ. ನಾವು ಮಡಚಿಟ್ಟ ಆ ಒಂದು ವರ್ಷ ಅವರ ಪಾಲಿಗೆ ಆ ರಸ್ತೆಯ ಕೊನೆಯ ಪಾಡ್ಯವಾಗಿತ್ತು.

ಮಂದಿರದ ಬಳಿ ಎಂದಿನ ಜಾಗದಲ್ಲಿ ಕಾಕೂ ನಿಂತಿದ್ದರು. ಹತ್ತಿರ ಬಂದು, ಬ್ಯಾನರಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಒಗೆದ ಬಟ್ಟೆಯನ್ನು ಪರೀಕ್ಷಿಸುವವರ ಹಾಗೆ ಒಮ್ಮೆ ಹಿಚುಕಿ ನೋಡಿದರು.

"ವಾಳ್ಲಾ ಕಾ ಶೇವಟೀ?" ಅಂತೂ ಒಣಗಿತೇ ಎಂದು ಕೇಳಿದರು.

ಒಣಗಿತು ಕಾಕೂ, ಎಂದೆವು.