ವಾರ್ಡಿನ ಒಳಗೆ, ವಾರ್ಡಿನ ಹೊರಗೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಕಡೆ ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾದಳೆಂದರೆ ಮನೆಯವರಿಗೆ ನೆನಪಾಗುತ್ತಿದ್ದ ನೌಕರಿಗಳು ಎರಡೇ. ಟಿ.ಸಿ.ಎಚ್. ಮಾಡಿ ಶಾಲೆಯಲ್ಲಿ ಟೀಚರ್ ಆಗುವುದು, ಇಲ್ಲವೇ ಟೈಪಿಂಗ್ ಕಲಿತು ಯಾವುದಾದರೂ ಕಚೇರಿ ಸೇರುವುದು. ನರ್ಸಿಂಗ್ ಆ ಸಾಲಿನಲ್ಲಿ ಇರಲೇ ಇಲ್ಲ. ಗಂಡ ತೀರಿಕೊಂಡವರು, ಗಂಡ ಬಿಟ್ಟವರು, ಮದುವೆ ಮಾಡಿಕೊಡಲು ಮನೆಯಲ್ಲಿ ಗತಿಯಿಲ್ಲದವರು ಹೋಗುವ ಕೆಲಸ ಅದು ಎಂದು ಊರು ತೀರ್ಮಾನ ಮಾಡಿಯಾಗಿತ್ತು. 1978ರಲ್ಲಿ ನಾನು ಮಿಷನ್ ಆಸ್ಪತ್ರೆಯೊಂದರ ನರ್ಸಿಂಗ್ ಶಾಲೆಗೆ ಸೇರುತ್ತೇನೆಂದಾಗ ಸೋದರತ್ತೆ ಅಪ್ಪನನ್ನು ನಿಲ್ಲಿಸಿ ಕೇಳಿದರು: "ಕಂಡೋರ ಹೇಲು ಉಚ್ಚೆ ಬಾಚೋ ಕೆಲಸಕ್ಕೆ ಮಗಳನ್ನ ಕಳಿಸ್ತೀಯಲ್ಲೋ, ನಾಳೆ ಇವಳನ್ನ ಯಾರು ಕಟ್ಕೋತಾರೆ?" ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು, ಮೂವರು ಹೆಣ್ಣುಮಕ್ಕಳ ತಂದೆ. "ಊಟ ವಸತಿ ಅಲ್ಲೇ ಕೊಡ್ತಾರಂತೆ, ಸ್ಟೈಪೆಂಡೂ ಇದೆಯಂತೆ" ಎಂದಷ್ಟೇ ಹೇಳಿ ಸೈಕಲ್ ಹತ್ತಿದರು.

ಅತ್ತೆ ಕೆಟ್ಟವರಲ್ಲ. ಊರಿಗೆ ಊರೇ ಅಂದುಕೊಂಡಿದ್ದನ್ನು ಅವರು ಬಾಯಿಬಿಟ್ಟು ಹೇಳಿದರು. ಆ ಮಾತಿನ ಹಿಂದಿದ್ದದ್ದು ಮೈಲಿಗೆ ಮತ್ತು ರಾತ್ರಿ. ರಕ್ತ, ಕೀವು, ಹೆಣ ಮುಟ್ಟುವವಳು, ಅದರಲ್ಲೂ ಪರಗಂಡಸಿನ ಮೈ ಒರೆಸುವವಳು. ಸೂರ್ಯ ಮುಳುಗಿದ ಮೇಲೆ ಮನೆ ಬಿಟ್ಟು ಹೋಗುವವಳು. ಈ ಎರಡಕ್ಕೂ ಅಂಜಿದ ಮನೆತನಗಳು ತಲೆಮಾರುಗಟ್ಟಲೆ ಹೆಣ್ಣುಮಕ್ಕಳನ್ನು ಆಸ್ಪತ್ರೆಯಿಂದ ದೂರ ಇಟ್ಟವು. ಖಾಲಿ ಉಳಿದ ಆ ಜಾಗವನ್ನು ತುಂಬಿದವರು ಹೆಚ್ಚಾಗಿ ಕ್ರೈಸ್ತ ಹೆಣ್ಣುಮಕ್ಕಳು. ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್, ಬೆಂಗಳೂರಿನ ಸೇಂಟ್ ಮಾರ್ಥಾಸ್, ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಗಳ ಹೆಸರನ್ನು ಬಿಟ್ಟು ಕರ್ನಾಟಕದ ಶುಶ್ರೂಷೆಯ ಚರಿತ್ರೆ ಬರೆಯುವ ಹಾಗೇ ಇಲ್ಲ. ನನ್ನ ಬ್ಯಾಚಿನಲ್ಲೂ ಕರಾವಳಿಯವರು, ಕೇರಳದವರೇ ಹೆಚ್ಚು. ಸ್ವಾತಂತ್ರ್ಯದ ಹಿಂದಿನ ವರ್ಷ, 1946ರಲ್ಲಿ, ಭೋರ್ ಸಮಿತಿ ದೇಶದ ಆರೋಗ್ಯದ ಲೆಕ್ಕ ತೆಗೆದಾಗ 43,000 ಜನರಿಗೆ ಒಬ್ಬ ನರ್ಸ್ ಇದ್ದಳು. ಆ ಅಂಕಿಯನ್ನು ನಮ್ಮ ಟ್ಯೂಟರ್ ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಂತಿದ್ದರು. ಅದು ಬರೀ ಬಡತನದಿಂದ ಬಂದ ಅಂಕಿಯಲ್ಲ, ಮನೆಮನೆಯಲ್ಲೂ ಒಬ್ಬೊಬ್ಬ ಅತ್ತೆ ಕಾವಲು ಕೂತಿದ್ದರಿಂದ ಬಂದದ್ದು ಎಂದು ನನಗೆ ಆಗಲೇ ಅನ್ನಿಸಿತ್ತು.

ತರಬೇತಿಯ ಮೊದಲ ತಿಂಗಳುಗಳಲ್ಲಿ ರೋಗಿಯ ಹತ್ತಿರ ಬಿಡುತ್ತಿರಲಿಲ್ಲ. ಸಿರಿಂಜ್ ತೊಳೆಯುವುದೇ ಕೆಲಸ. ಗಾಜಿನ ಸಿರಿಂಜುಗಳು ಅವು. ಕೊಳವೆಗೂ ಒಳಗಿನ ದಂಡಕ್ಕೂ ಒಂದೇ ನಂಬರು ಇರುತ್ತಿತ್ತು. ಒಂದರದ್ದನ್ನು ಇನ್ನೊಂದಕ್ಕೆ ಹಾಕಿದರೆ ಔಷಧ ಹಿಂದಕ್ಕೆ ಸೋರುತ್ತಿತ್ತು. ಬಿಡಿಸಿ, ತೊಳೆದು, ಬಟ್ಟೆಯಲ್ಲಿ ಸುತ್ತಿ ಸ್ಟೆರಿಲೈಸರಿನ ಕುದಿಯುವ ನೀರಿಗೆ ಹಾಕಬೇಕು. ಸೂಜಿಗಳು ಅದಕ್ಕಿಂತ ಕಷ್ಟ. ಒಳಗೆ ಸಣ್ಣ ತಂತಿ ತೂರಿಸಿ ರಕ್ತದ ಕಣ ತೆಗೆಯಬೇಕು, ಮೊನೆಯನ್ನು ಹತ್ತಿಯ ಮೇಲೆ ಎಳೆದು ನೋಡಬೇಕು. ಹತ್ತಿಯ ಎಳೆ ಸಿಕ್ಕಿಕೊಂಡರೆ ಮೊನೆ ಬಾಗಿದೆ ಎಂದರ್ಥ. ಆಗ ಸಾಣೆಕಲ್ಲಿಗೆ ಹಿಡಿದು ಅದೇ ಓರೆಯಲ್ಲಿ ಉಜ್ಜಬೇಕು. ಇಷ್ಟಾದ ಮೇಲೆ ಆ ಸೂಜಿ ಮಗುವಿನ ತೊಡೆಗೆ ಹೋಗುವಾಗ ಮಗು ಎಷ್ಟು ಅತ್ತಿತು ಎನ್ನುವುದರಲ್ಲಿ ನಮ್ಮ ಕೆಲಸದ ಗುಣ ಗೊತ್ತಾಗುತ್ತಿತ್ತು. ಕೈಗವಸು ಕೂಡ ಒಗೆದು, ನೀರು ತುಂಬಿಸಿ ತೂತು ನೋಡಿ, ಒಣಗಿಸಿ, ಪೌಡರ್ ಹಾಕಿ, ಡ್ರಮ್ಮಿಗೆ ತುಂಬುವುದು. ಏಡ್ಸ್ ಭಯ ಬಂದ ಮೇಲೆ ಒಮ್ಮೆ ಬಳಸಿ ಬಿಸಾಡುವ ಸಿರಿಂಜ್ ಬಂದು ಇದೆಲ್ಲ ನಿಂತಿತು. ಸದ್ಯ ನಿಂತಿತಲ್ಲ ಎನ್ನುತ್ತೇನೆ, ಆ ಕಾಲವನ್ನು ಹೊಗಳಲಾರೆ. ಆದರೆ ಕಣ್ಣು ಮತ್ತು ಬೆರಳು ಎಷ್ಟು ಸೂಕ್ಷ್ಮವಾಗಿರಬೇಕು ಎಂಬುದನ್ನು ನಾವು ಕಲಿತದ್ದು ಆ ಸೂಜಿಗಳ ಮುಂದೆ ಕೂತು.

ಆಮೇಲೆ ಸರ್ಕಾರಿ ಕೆಲಸ ಸಿಕ್ಕಿ ಜಿಲ್ಲಾ ಆಸ್ಪತ್ರೆಗೆ ಬಂದೆ. ಅಲ್ಲಿನ ಪದ್ಧತಿಗಳನ್ನು ಈಗಿನ ಹುಡುಗಿಯರಿಗೆ ಹೇಳಿದರೆ ನಂಬುವುದಿಲ್ಲ. ಡಾಕ್ಟರು ವಾರ್ಡಿಗೆ ಕಾಲಿಟ್ಟರೆ ಇಂಜೆಕ್ಷನ್ ಲೋಡ್ ಮಾಡುತ್ತಿದ್ದವಳೂ ಎದ್ದು ನಿಲ್ಲಬೇಕು. ರೌಂಡ್ಸಿನಲ್ಲಿ ಟ್ರೇ ಹಿಡಿದು ಎರಡು ಹೆಜ್ಜೆ ಹಿಂದೆ ನಡೆಯಬೇಕು. ಕೇಳಿದ್ದಕ್ಕೆ ಮಾತ್ರ ಉತ್ತರ. ರಾತ್ರಿಯಿಡೀ ರೋಗಿಯ ಜೊತೆ ಇದ್ದವಳು ನರ್ಸ್, ಬೆಳಗ್ಗೆ ಅವನ ಬಗ್ಗೆ ಹೇಳುವವನು ಹೌಸ್ ಸರ್ಜನ್ ಹುಡುಗ. ಎಲ್ಲರೂ ಹಾಗಿರಲಿಲ್ಲ. ಹಿರಿಯ ಸರ್ಜನ್ ಒಬ್ಬರು ವಾರ್ಡಿಗೆ ಬಂದವರೇ ಕೇಸ್‌ಶೀಟ್ ಮುಟ್ಟುವ ಮೊದಲು "ರಾತ್ರಿ ಹೇಗಿತ್ತು ಸಿಸ್ಟರ್?" ಎಂದು ಕೇಳುತ್ತಿದ್ದರು. ನಾವು ಹೇಳುವುದು ಮುಗಿಯುವ ತನಕ ನಿಂತು ಕೇಳುತ್ತಿದ್ದರು. ಅವರ ರೋಗಿಗಳು ಬೇಗ ಚೇತರಿಸಿಕೊಳ್ಳುತ್ತಿದ್ದರು ಎಂದರೆ ಅದು ಕೈಗುಣ ಮಾತ್ರವಲ್ಲ. ಜ್ವರ ಏರುವ ಮೊದಲೇ ಅವರಿಗೆ ಸುದ್ದಿ ಮುಟ್ಟಿರುತ್ತಿತ್ತು.

ಹೆರಿಗೆ ವಾರ್ಡಿನ ಒಂದು ರಾತ್ರಿಯ ಮಾತು ಹೇಳಬೇಕು. ಚೊಚ್ಚಲ ಹೆರಿಗೆ, ಗಂಡು ಮಗು, ಸಲೀಸಾಗಿ ಆಗಿತ್ತು. ಹೊರಗೆ ಕಾರಿಡಾರಿನಲ್ಲಿ ಮನೆಯವರು ಆಗಲೇ ಸಕ್ಕರೆ ಹಂಚುತ್ತಿದ್ದರು. ಹೆರಿಗೆಯಾದ ಮೇಲೆ ಗರ್ಭಕೋಶ ಕಲ್ಲಿನ ಹಾಗೆ ಗಟ್ಟಿಯಾಗಬೇಕು. ಹೊಟ್ಟೆಯ ಮೇಲೆ ಅಂಗೈ ಇಟ್ಟರೆ ಅದು ತಿಳಿಯುತ್ತದೆ. ನನ್ನ ಅಂಗೈಗೆ ಗಟ್ಟಿ ಸಿಗಲಿಲ್ಲ. ಬಾಣಂತಿ ನಗುತ್ತಲೇ ಇದ್ದಳು, ನಾಡಿ ಮಾತ್ರ ಓಡುತ್ತಿತ್ತು, ಪ್ಯಾಡ್ ನೆನೆದು ಕೆಳಗಿನ ರಬ್ಬರ್ ಶೀಟಿಗೆ ಇಳಿದಿತ್ತು. ಡಾಕ್ಟರನ್ನು ಕರೆತರಲು ಜೀಪು ಕ್ವಾರ್ಟರ್ಸಿಗೆ ಹೋಗಿ ಬರಬೇಕು. ಅಷ್ಟರೊಳಗೆ ಜೊತೆಗಿದ್ದ ಸಿಸ್ಟರ್ ಡ್ರಿಪ್ ಹಾಕಿದಳು, ಮೆಥರ್ಜಿನ್ ಕೊಟ್ಟಳು, ಆಯಾ ಮಂಚದ ಕಾಲಿನ ಕಡೆಗೆ ಇಟ್ಟಿಗೆ ಕೊಟ್ಟಳು, ನಾನು ಕೆಥೀಟರ್ ಹಾಕಿ ಮೂತ್ರ ತೆಗೆದು ಹೊಟ್ಟೆಯ ಮೇಲಿನ ಕೈ ತೆಗೆಯದೆ ಗರ್ಭಕೋಶವನ್ನು ತೀಡುತ್ತಲೇ ಇದ್ದೆ. ಡಾಕ್ಟರು ಬರುವ ಹೊತ್ತಿಗೆ ಅದು ಗಟ್ಟಿಯಾಗತೊಡಗಿತ್ತು. ಅವರು ಪರೀಕ್ಷಿಸಿ, ರಕ್ತ ಬರೆದುಕೊಟ್ಟು, "ಪರವಾಗಿಲ್ಲ" ಎಂದರು. ಮರುದಿನ ಮನೆಯವರು ಡಾಕ್ಟರಿಗೆ ಹಾರ ಹಾಕಿ ಕಾಲಿಗೆ ಬಿದ್ದರು. ಅವರು ಹಾಕಿಸಿಕೊಂಡರು. ರಾತ್ರಿ ಏನಾಯಿತೆಂದು ಮನೆಯವರಿಗೆ ಯಾರೂ ಹೇಳಲಿಲ್ಲ. ಹಾರ ನನಗೆ ಬೇಕಿರಲಿಲ್ಲ. ಆ ಅಂಗೈಗೆ ತಿಳಿದದ್ದು ವಿದ್ಯೆ, ಅದನ್ನು ಕಲಿಯಲು ಮೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು ಎಂಬುದು ಆ ಮನೆಯವರಿಗೆ ಗೊತ್ತಾಗಬೇಕಿತ್ತು. ಜನ ನಮ್ಮಲ್ಲಿ ಕರುಣೆಯನ್ನು ಕಂಡರು, ಸೇವೆಯನ್ನು ಕಂಡರು. ವಿದ್ಯೆಯನ್ನು ಕಾಣಲಿಲ್ಲ. ಸಿನಿಮಾದವರಂತೂ ಟ್ರೇ ಹಿಡಿದು ಬಳುಕುವ ಹೆಣ್ಣನ್ನು ಬಿಟ್ಟು ಬೇರೇನನ್ನೂ ತೋರಿಸಲಿಲ್ಲ.

ಮದುವೆಯ ಮಾತು ಹೆಚ್ಚು ಬೇಡ. ನೋಡಲು ಬಂದವರಲ್ಲಿ ಒಬ್ಬರು ನೇರವಾಗಿ "ನೈಟ್ ಡ್ಯೂಟಿ ಇರುತ್ತಾ?" ಎಂದು ಕೇಳಿ ಎದ್ದುಹೋದರು. ಇನ್ನೊಬ್ಬರು ಕೆಲಸ ಬಿಡಿಸುವ ಷರತ್ತು ಹಾಕಿದರು. ನನ್ನನ್ನು ಮದುವೆಯಾದವರು ಕೆ.ಇ.ಬಿ.ಯಲ್ಲಿ ಲೈನ್‌ಮನ್. ಅವರಿಗೂ ರಾತ್ರಿಪಾಳಿ ಇತ್ತು, ಹಾಗಾಗಿ ನಮ್ಮ ಮನೆಯಲ್ಲಿ ಆ ಪ್ರಶ್ನೆ ಏಳಲೇ ಇಲ್ಲ.

ರಾತ್ರಿಪಾಳಿಯ ಭಯ ಸುಳ್ಳೆಂದೂ ಹೇಳಲಾರೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ ಮೇಲೆ 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಹಲ್ಲೆ ಮಾಡಿದ. ಕುತ್ತಿಗೆಗೆ ನಾಯಿಯ ಸರಪಳಿ ಬಿಗಿದಿದ್ದರಿಂದ ಮಿದುಳಿಗೆ ರಕ್ತ ಹೋಗದೆ ಆಕೆ ಮತ್ತೆಂದೂ ಏಳಲಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಆಕೆಯ ಹೆಸರನ್ನು ಎಲ್ಲರೂ ಬಲ್ಲರು, ಪಿಸುಮಾತಿನಲ್ಲಿ. ನಾನು ಇಲ್ಲಿ ಹೇಳಬೇಕೆಂದಿರುವುದು ಹಲ್ಲೆಯ ನಂತರದ ಕತೆ. 2015ರ ಮೇ 18ರಂದು ತೀರಿಕೊಳ್ಳುವ ತನಕ ಸುಮಾರು 42 ವರ್ಷ ಆಕೆಯನ್ನು ನೋಡಿಕೊಂಡವರು ಕೆ.ಇ.ಎಂ. ನರ್ಸುಗಳು. ಒಂದು ತಲೆಮಾರು ನಿವೃತ್ತಿಯಾಗಿ, ಆಕೆಯನ್ನು ನಡೆದಾಡುತ್ತಿದ್ದಾಗ ಕಂಡೇ ಇಲ್ಲದ ಹುಡುಗಿಯರು ಬಂದು ಅದೇ ಕೆಲಸ ಮುಂದುವರಿಸಿದರು. ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಅದನ್ನು ವಿರೋಧಿಸಿದವರೂ ಅವರೇ. 2011ರ ತೀರ್ಪಿನಲ್ಲಿ ನ್ಯಾಯಾಲಯ ಅವರನ್ನು ಬಾಯ್ತುಂಬ ಹೊಗಳಿತು. ಅಷ್ಟು ವರ್ಷ ಮಲಗಿದ್ದಲ್ಲೇ ಇದ್ದ ದೇಹದಲ್ಲಿ ಬೆಡ್‌ಸೋರ್ ಇರಲಿಲ್ಲ.

ಈ ಕೊನೆಯ ವಾಕ್ಯದ ಬೆಲೆ ನಮ್ಮ ವೃತ್ತಿಯವರಿಗೆ ಮಾತ್ರ ಪೂರ್ತಿ ತಿಳಿಯುತ್ತದೇನೋ. ಅಲುಗಾಡದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಡಕ್ಕೆ, ಅಂಗಾತ, ಬಲಕ್ಕೆ. ಒಬ್ಬರಿಂದ ಆಗುವುದಿಲ್ಲ. ಎಳೆದರೆ ಚರ್ಮ ಕಿತ್ತುಬರುತ್ತದೆ, ಎತ್ತಿಯೇ ಸರಿಸಬೇಕು. ಹಿಮ್ಮಡಿ, ಸೊಂಟದ ಕೆಳಮೂಳೆ, ಭುಜದ ಮೂಳೆ ಕೆಂಪಾಗಿವೆಯೇ ನೋಡಬೇಕು. ಹಾಸಿದ ಬಟ್ಟೆಯಲ್ಲಿ ಒಂದು ಮಡಿಕೆ, ಒಂದು ಅಗುಳು ಅನ್ನ ಉಳಿಯಬಾರದು. ಒಂದು ವಾರ್ಡಿನಲ್ಲಿ ಇಂಥ 8 ರೋಗಿಗಳಿದ್ದಾರೆ, ಒಬ್ಬರಿಗೆ 5 ನಿಮಿಷ ಎಂದುಕೊಳ್ಳಿ. ಪ್ರತಿ ಎರಡು ಗಂಟೆಯಲ್ಲಿ 40 ನಿಮಿಷ, ಇಬ್ಬರು ನರ್ಸುಗಳದ್ದು, ಇದಕ್ಕೇ ಬೇಕು. ನಾನು ರಾತ್ರಿ ಒಬ್ಬಳೇ ಎರಡು ವಾರ್ಡು ನೋಡಿದ ದಿನಗಳಿವೆ. ಆಗ ಆದ ಬೆಡ್‌ಸೋರುಗಳಿಗೆ ಸಿಸ್ಟರಿನ ಸೋಮಾರಿತನ ಕಾರಣ ಎಂದು ಬೈದ ಮನೆಯವರು ನರ್ಸ್ ಎಷ್ಟು ಜನ ಇದ್ದಾರೆ ಎಂದು ಕೇಳಲಿಲ್ಲ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ, ಉಳಿದ ಕಡೆ ಐವರಿಗೆ ಒಬ್ಬ ನರ್ಸ್ ಇರಬೇಕು ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ನನ್ನ ಸೇವೆಯಲ್ಲಿ ನಾನದನ್ನು ನೋಡಿದ್ದು ತಪಾಸಣೆಗೆ ಸಿದ್ಧಪಡಿಸಿದ ಕಾಗದದಲ್ಲಿ.

ಹಾಗಾದರೆ ಜನರ ನೋಟ ಬದಲಾಗಲೇ ಇಲ್ಲವೇ? ಬದಲಾಯಿತು, ಮತ್ತು ಬಹಳ ವೇಗವಾಗಿ ಬದಲಾಯಿತು. ಗಲ್ಫಿಗೆ ಹೋದ ಸಿಸ್ಟರುಗಳು ಊರಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದರು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂತು. ಮುಂದಿನ ಹತ್ತು ವರ್ಷದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ, ಆಮೇಲೆ ಜಿಲ್ಲಾ ಕೇಂದ್ರಗಳಲ್ಲಿ ನರ್ಸಿಂಗ್ ಕಾಲೇಜುಗಳ ಬೋರ್ಡುಗಳು ಎದ್ದವು. ಕೇರಳದಿಂದ ಬಸ್ಸು ತುಂಬ ವಿದ್ಯಾರ್ಥಿಗಳು ಬಂದರು, ಹುಡುಗರೂ ಬಂದರು. ಇಂಗ್ಲೆಂಡ್, ಐರ್ಲೆಂಡ್, ಅಮೆರಿಕದ ಹೆಸರು ಕೇಳಿದ ಮೇಲೆ ಯಾವ ಮನೆತನಕ್ಕೂ ಮೈಲಿಗೆ ನೆನಪಾಗಲಿಲ್ಲ. ಸೋದರತ್ತೆಯ ಮೊಮ್ಮಗಳೇ ಬಿ.ಎಸ್ಸಿ. ನರ್ಸಿಂಗ್ ಮಾಡಿ ಇಂಗ್ಲೆಂಡಿನಲ್ಲಿದ್ದಾಳೆ. ಅವಳಿಗೆ ಗಂಡು ತಾನಾಗಿ ಹುಡುಕಿಕೊಂಡು ಬಂತು. ನನಗೆ ಅದರಿಂದ ನಿಜವಾದ ಸಂತೋಷವಾಗಿದೆ. ಆದರೆ ಬದಲಾವಣೆ ಬಂದದ್ದು ವೀಸಾದ ದಾರಿಯಿಂದ, ಮಂಚದ ಪಕ್ಕದ ಕೆಲಸ ಏನೆಂದು ತಿಳಿದುದರಿಂದಲ್ಲ. ಆದ್ದರಿಂದಲೇ ಲಂಡನ್ನಿನ ನರ್ಸಿಗೆ ಸಿಕ್ಕ ಗೌರವ ಇಲ್ಲಿನ ತಾಲ್ಲೂಕು ಆಸ್ಪತ್ರೆಯ ನರ್ಸಿಗೆ ದಾಟಿಬರಲಿಲ್ಲ. ಇಬ್ಬರೂ ಓದಿದ್ದು ಒಂದೇ.

ವಿಶ್ವ ಆರೋಗ್ಯ ಸಂಸ್ಥೆ 2020ನ್ನು ನರ್ಸುಗಳ ಮತ್ತು ಸೂಲಗಿತ್ತಿಯರ ವರ್ಷವೆಂದು ಸಾರಿತ್ತು. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿ 200 ವರ್ಷ ತುಂಬಿತ್ತು. ನನಗೂ ನಿವೃತ್ತಿಯ ವರ್ಷ. ಕೊರೊನಾ ಬಂತು. ಮಾರ್ಚ್ 22ರ ಸಂಜೆ 5 ಗಂಟೆಗೆ ಇಡೀ ಬೀದಿ ಬಾಗಿಲಿಗೆ ಬಂದು ತಟ್ಟೆ ಬಡಿಯಿತು. ಅದನ್ನು ಕೇಳಿ ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ. ಅದಾಗಿ ಕೆಲವೇ ದಿನಕ್ಕೆ ನಮ್ಮ ಗುತ್ತಿಗೆ ನರ್ಸ್ ಒಬ್ಬಳ ಸಾಮಾನನ್ನು ಮನೆಯ ಮಾಲೀಕರು ಗೇಟಿನ ಹೊರಗಿಟ್ಟರು. ಕೋವಿಡ್ ವಾರ್ಡಿನವಳು ಮನೆಯಲ್ಲಿರುವುದು ಬೇಡ ಎಂದರು. ಮೈಲಿಗೆ ಮತ್ತೆ ಬಂದಿತ್ತು, ಈ ಸಲ ಸೋಂಕು ಎಂಬ ಕಾರಣ ಹೇಳಿಕೊಂಡು. ಅವಳು ಎರಡು ತಿಂಗಳು ನಮ್ಮ ಮನೆಯಲ್ಲಿದ್ದಳು. ದೇಶದಾದ್ಯಂತ ಇಂಥ ಕಿರುಕುಳ, ಹಲ್ಲೆಗಳು ಆಗುತ್ತಿದ್ದುದರಿಂದಲೇ ಏಪ್ರಿಲ್ 22ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ಜಾಮೀನುರಹಿತ ಅಪರಾಧ ಮಾಡಬೇಕಾಯಿತು. ಪಿಪಿಇ ಹಾಕಿದ ಮೇಲೆ ಪಾಳಿ ಮುಗಿಯುವ ತನಕ ನೀರು ಕುಡಿಯುವ ಹಾಗಿಲ್ಲ, ಬಾತ್‌ರೂಮಿಗೆ ಹೋಗುವ ಹಾಗಿಲ್ಲ. ಹಾಗಿದ್ದೂ ಕೋವಿಡ್ ವಾರ್ಡಿನ ಹುಡುಗಿಯರು ಸಾಯುತ್ತಿದ್ದವರ ಕಿವಿಗೆ ಫೋನ್ ಹಿಡಿದು ಮನೆಯವರ ದನಿ ಕೇಳಿಸಿದರು. ಅವರ ಸಂಬಳ ತಿಂಗಳುಗಟ್ಟಲೆ ತಡವಾಗಿತ್ತು.

ಸಂಬಳದ ವಿಷಯವನ್ನು ಗೌರವದ ವಿಷಯದಿಂದ ಬೇರೆ ಮಾಡಿ ಮಾತಾಡುವವರನ್ನು ನಾನು ಒಪ್ಪುವುದಿಲ್ಲ. 2011–12ರಲ್ಲಿ ಕೇರಳದ ಖಾಸಗಿ ಆಸ್ಪತ್ರೆಗಳ ನರ್ಸುಗಳು ಬೀದಿಗಿಳಿದು ಮುಷ್ಕರ ಹೂಡಿದ್ದು ಇದಕ್ಕೇ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ನರ್ಸುಗಳ ಸಂಬಳದ ಬಗ್ಗೆ ಸಮಿತಿ ಮಾಡಲು ಹೇಳಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸಿನಷ್ಟೇ ಸಂಬಳ ಇರಬೇಕು, 50ಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ 20,000 ರೂಪಾಯಿಗೆ ಇಳಿಯಬಾರದು ಎಂದು ಆ ಸಮಿತಿ ಶಿಫಾರಸು ಮಾಡಿತು. ನಮ್ಮ ಬೀದಿಯ ಹುಡುಗಿಯೊಬ್ಬಳು ಸಣ್ಣ ನರ್ಸಿಂಗ್ ಹೋಮಿನಲ್ಲಿದ್ದಾಳೆ. ಅವಳ ಕೈಗೆ ಬರುವುದು 12,000. ಶಿಫಾರಸಿನ ಪ್ರತಿ ತೋರಿಸಿದೆ. ಓದಿ, "ಇದನ್ನ ಹಿಡ್ಕೊಂಡು ಹೋದ್ರೆ ನಾಳೆಯಿಂದ ಬರಬೇಡ ಅಂತಾರೆ ಆಂಟಿ" ಅಂದಳು. ನೀನೊಬ್ಬಳೇ ಹೋಗಬೇಡ, ಅಲ್ಲಿರುವ ನರ್ಸುಗಳೆಲ್ಲ ಸೇರಿ ಹೋಗಿ, ಅರ್ಜಿ ಬರೆಯಲು ನಾನು ಕೂರುತ್ತೇನೆ ಎಂದೆ. ಎಲ್ಲರಿಗೂ ಒಟ್ಟಿಗೆ ರಜೆ ಸಿಗುವುದಿಲ್ಲವಂತೆ. ಹಾಗಾಗಿ ಈ ಭಾನುವಾರ ರಾತ್ರಿಪಾಳಿ ಮುಗಿಸಿದವರು ಬೆಳಗ್ಗೆ, ಬೆಳಗಿನ ಪಾಳಿಯವರು ಮಧ್ಯಾಹ್ನ ಬಂದು ಸಹಿ ಹಾಕುತ್ತಾರೆ.