ತೊಟ್ಟಿಯ ನೀರು ಹರಿಯುವುದಿಲ್ಲ

ಊರು ಬಿಟ್ಟು ಬಂದವರಿಗೆ ಬಾಡಿಗೆ ಮನೆಯಲ್ಲಿ ನಾಯಿ ಸಾಕಬೇಕೆಂದರೆ ಮಾಲೀಕರ ಒಪ್ಪಿಗೆ ಬೇಕು. ಬೆಕ್ಕು ಸಾಕಬೇಕೆಂದರೆ ಅಕ್ಕಪಕ್ಕದವರ ಒಪ್ಪಿಗೆ ಬೇಕು. ಮೀನಿಗೆ ಯಾರ ಅಪ್ಪಣೆಯೂ ಬೇಡ. ಅದು ಬೊಗಳುವುದಿಲ್ಲ, ಸೋಫಾ ಹರಿಯುವುದಿಲ್ಲ, ಮೆಟ್ಟಿಲ ಮೇಲೆ ಗಲೀಜು ಮಾಡುವುದಿಲ್ಲ. ಅದಕ್ಕೇ ಇರಬೇಕು, ವಿಶಾಖಪಟ್ಟಣದಲ್ಲೂ ವಿಜಯವಾಡದಲ್ಲೂ ನಾನು ಹೋಗಿಬಂದ ಕನ್ನಡಿಗರ ಮನೆಗಳಲ್ಲಿ ಟಿವಿಯ ಪಕ್ಕ ಒಂದು ಗಾಜಿನ ತೊಟ್ಟಿ ಕಾಣಿಸುವುದು ಸಾಮಾನ್ಯ. ಆದರೆ ಆರು ತಿಂಗಳು ಬಿಟ್ಟು ಹೋದರೆ ಅದೇ ತೊಟ್ಟಿ ಬಾಲ್ಕನಿ ಸೇರಿರುತ್ತದೆ, ಅದರೊಳಗೆ ಹಳೆಯ ಶೂಗಳಿರುತ್ತವೆ. ಕೇಳಿದರೆ, “ನಮ್ಮ ಕೈಗೆ ಮೀನು ಆಗಿಬರಲ್ಲ ಸಾರ್” ಎನ್ನುತ್ತಾರೆ.

ಇದರಲ್ಲಿ ಕೈಗುಣದ ಮಾತೇ ಇಲ್ಲ. ಇದು ನೀರಿನ ಲೆಕ್ಕ. ಸಾಫ್ಟ್‌ವೇರ್ ಕೆಲಸದ ಮೇಲೆ ಈ ಕರಾವಳಿಗೆ ಬಂದು ಹನ್ನೆರಡು ವರ್ಷ ದಾಟಿದ, ಅಷ್ಟೂ ವರ್ಷ ಎರಡಡಿ ಉದ್ದದ ಒಂದು ತೊಟ್ಟಿಯನ್ನು ಜತೆಗಿಟ್ಟುಕೊಂಡ ತೀರ್ಥಹಳ್ಳಿ ಕಡೆಯವನೊಬ್ಬನ ಅನುಭವವೆಂದು ಇದನ್ನು ಓದಿಕೊಳ್ಳಿ.

ಮೀನಿನ ವಿಷಯದಲ್ಲಿ ವಿಶಾಖಪಟ್ಟಣ ಸಾಮಾನ್ಯ ಊರಲ್ಲ. ಮಂಡಲದ ಹಾವಿಗೆ ಇಂಗ್ಲಿಷಿನಲ್ಲಿ ಯಾರ ಹೆಸರಿದೆಯೋ ಆ ಪ್ಯಾಟ್ರಿಕ್ ರಸೆಲ್ ಇಲ್ಲಿ ಕೂತು ಇನ್ನೂರು ಬಗೆಯ ಮೀನುಗಳ ಚಿತ್ರ, ವಿವರಣೆ ಬರೆಸಿದ. ಆ ಪುಸ್ತಕ 1803ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅವನವು ಸಮುದ್ರದ ಮೀನುಗಳು, ನಮ್ಮವು ಸಿಹಿನೀರಿನವು. ಸಿಹಿನೀರಿನ ಕಡೆಗೆ ಬಂದರೆ ನಮಗೆ ಇನ್ನೂ ಹತ್ತಿರದ ಹೆಸರೊಂದಿದೆ. ಟಿಪ್ಪು ಸತ್ತ ಮರುವರ್ಷ ಮೈಸೂರು ಸೀಮೆ, ಕನ್ನಡ ಜಿಲ್ಲೆಗಳನ್ನೆಲ್ಲ ಸುತ್ತಿ ಬೆಳೆ, ಜಾತಿ, ತೆರಿಗೆ ಎಲ್ಲವನ್ನೂ ಬರೆದಿಟ್ಟ ಫ್ರಾನ್ಸಿಸ್ ಬುಕನನ್ ಗೊತ್ತಲ್ಲ? ಅದೇ ಬುಕನನ್ 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ಪುಸ್ತಕ ತಂದ. ಇಂದು ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ಇರುವ, ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಪಟ್ಟೆಪಟ್ಟೆಯ ಜೀಬ್ರಾ ಮೀನನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಆ ಪುಸ್ತಕವೇ. ನಮ್ಮ ಇತಿಹಾಸದ ಪಾಠದ ಬುಕನನ್ನನೇ ನಮ್ಮ ತೊಟ್ಟಿಯ ಮೀನಿಗೂ ನಾಮಕರಣ ಮಾಡಿದವನು ಎಂದು ತಿಳಿದ ದಿನ ನನಗೆ ಸಂಬಂಧಿಕರು ಸಿಕ್ಕಷ್ಟು ಖುಷಿಯಾಗಿತ್ತು.

ಇನ್ನು ಲೆಕ್ಕಕ್ಕೆ ಬರೋಣ. ಮೀನು ತಿನ್ನುತ್ತದೆ, ವಿಸರ್ಜಿಸುತ್ತದೆ, ಕಿವಿರುಗಳ ಮೂಲಕ ಅಮೋನಿಯಾ ಹೊರಬಿಡುತ್ತದೆ. ಉಳಿದ ಆಹಾರ ಕೊಳೆತರೂ ಅದೇ ಅಮೋನಿಯಾ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಅಪಾಯವಲ್ಲ. ಗಿಡಗಳು ಇದನ್ನು ಗೊಬ್ಬರವಾಗಿ ಹೀರುತ್ತವೆ, ಮಿಕ್ಕಿದ್ದನ್ನು ನಾವು ನೀರು ಬದಲಿಸಿ ಹೊರಹಾಕುತ್ತೇವೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ, ಗಾಜಿನ ಮೈಮೇಲೆ ಅಂಟಿಕೊಂಡು ಬೆಳೆಯುತ್ತವೆ. ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನಾವು ಮಾಡುವುದೇನು? ಭಾನುವಾರ ಬೆಳಗ್ಗೆ ತೊಟ್ಟಿ ತಂದು, ಸಂಜೆ ಹದಿನೈದು ಮೀನು ಬಿಡುತ್ತೇವೆ. ಮುಂದಿನ ಭಾನುವಾರದ ಹೊತ್ತಿಗೆ ಒಂದೊಂದೇ ತೇಲಲು ಶುರು. ನೀರು ಕೆಟ್ಟಿದೆ ಎಂದು ಎಲ್ಲ ಚೆಲ್ಲಿ, ಸ್ಪಂಜನ್ನು ನಲ್ಲಿ ಕೆಳಗೆ ಹಿಂಡಿ ತೊಳೆಯುತ್ತೇವೆ. ಆಗಷ್ಟೇ ಮೊಳೆಯುತ್ತಿದ್ದ ಬ್ಯಾಕ್ಟೀರಿಯಾ ಕ್ಲೋರಿನ್ನಿಗೆ ಬಲಿ. ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

ಪರಿಹಾರ ಕಷ್ಟದ್ದಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಹಿಡಿಯುವುದು ಸುಮಾರು 55 ಲೀಟರ್. ಮೊದಲು ಗಿಡ ನೆಡಿ, ಫಿಲ್ಟರ್ ಓಡಿಸಿ. ಈಗಾಗಲೇ ಮೀನು ಸಾಕಿದ ಗೆಳೆಯರ ತೊಟ್ಟಿಯಿಂದ ಒಂದು ಹಳೆಯ ಸ್ಪಂಜು ತಂದು ಹಾಕಿದರಂತೂ ಕಾಯುವ ದಿನಗಳು ಎಷ್ಟೋ ಕಡಿಮೆಯಾಗುತ್ತವೆ, ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಆಮೇಲೆ ಮೂರು ಮೀನು, ಎರಡು ವಾರ ಬಿಟ್ಟು ಇನ್ನು ಮೂರು. ಹತ್ತು ಹನ್ನೆರಡು ಸಣ್ಣ ಮೀನುಗಳಿಗೆ ನಿಲ್ಲಿಸಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಿಸಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಆ ನೀರಿನಲ್ಲೇ ಜಾಲಿಸಿ.

ಎಲ್ಲಕ್ಕಿಂತ ಕಷ್ಟದ ಕೆಲಸ ಕೈ ಬಿಗಿ ಹಿಡಿಯುವುದು. ನಮ್ಮಮ್ಮ ಊರಿನಿಂದ ಬಂದಾಗಲೆಲ್ಲ ಇದೇ ಜಗಳ. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ಮೀನಿಗೆ ಮಂಡಕ್ಕಿ ಎಸೆದು ಪುಣ್ಯ ಸಂಪಾದಿಸಿದ ಕೈ ಅದು. ನಾನು ಆಫೀಸಿಗೆ ಹೊರಡುವುದೇ ತಡ, ತೊಟ್ಟಿಗೆ ಮಂಡಕ್ಕಿ ಬೀಳುತ್ತಿತ್ತು.

“ಅಲ್ಲ ಕಣೋ, ಶೃಂಗೇರಿ ಮೀನಿಗೆ ಹಾಕಿದ್ರೆ ಪುಣ್ಯ, ನಿನ್ನ ಮೀನಿಗೆ ಹಾಕಿದ್ರೆ ಪಾಪವಾ?”

“ಅಲ್ಲಿ ತುಂಗೆ ಹರೀತಾಳಮ್ಮ. ಇದು ಹರಿಯಲ್ಲ.”

ಅಮ್ಮ ಸ್ವಲ್ಪ ಹೊತ್ತು ತೊಟ್ಟಿಯನ್ನೇ ನೋಡಿದರು. “ಹಂಗಾದ್ರೆ ಇದ್ರ ಹೊಳೆ ನೀನೇ ಅನ್ನು” ಎಂದು ಒಳಗೆ ಹೋದರು. ಹತ್ತಾರು ಪುಸ್ತಕ ಓದಿದರೂ ನನಗೆ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಮೀನಿನ ಹೊಟ್ಟೆ ಹೆಚ್ಚುಕಡಿಮೆ ಅದರ ಕಣ್ಣಿನಷ್ಟು ಎಂದುಕೊಂಡು ಆಹಾರ ಹಾಕಿ. ಎರಡು ನಿಮಿಷದಲ್ಲಿ ಮುಗಿಯುವಷ್ಟು, ದಿನಕ್ಕೊಮ್ಮೆ. ವಾರಕ್ಕೊಂದು ದಿನ ಏಕಾದಶಿ ಮಾಡಿಸಿದರೂ ತೊಂದರೆಯಿಲ್ಲ.

ನೀರಿನ ವಿಚಾರದಲ್ಲಿ ಎರಡು ಊರೂ ಎರಡು ಥರ. ವಿಶಾಖಪಟ್ಟಣದ ನಮ್ಮ ಫ್ಲ್ಯಾಟಿಗೆ ಕಾರ್ಪೊರೇಷನ್ ನೀರು ಬರುತ್ತಿತ್ತು, ಟಿಡಿಎಸ್ ಮೀಟರಿನಲ್ಲಿ 250ರ ಆಸುಪಾಸು. ಅದಕ್ಕೆ ಕ್ಲೋರಿನ್ನಿನದೊಂದೇ ಚಿಂತೆ. ಬಕೆಟ್ಟಿನಲ್ಲಿ ಒಂದು ದಿನ ಇಟ್ಟರೆ ಅದು ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯ ಆಂಟಿಕ್ಲೋರಿನ್ ಹನಿ. ವಿಜಯವಾಡದ ಮನೆಯಲ್ಲಿ ಬೋರ್‌ವೆಲ್ ನೀರು, ಮೀಟರು 900 ದಾಟಿತು. ನಿಯಾನ್ ಟೆಟ್ರಾದಂಥ ಮೆದುನೀರಿನ ಮೀನಿಗೆ ಇದು ಶಿಕ್ಷೆ. ಗಪ್ಪಿ, ಮೊಲಿ, ಪ್ಲಾಟಿಗಳಿಗೆ ಗಡಸು ನೀರೇ ಹಿತ. ನೀರನ್ನು ಮೀನಿಗೆ ಹೊಂದಿಸಲು ಹೋಗಿ ಸೋಲುವುದಕ್ಕಿಂತ ನೀರಿಗೆ ಹೊಂದುವ ಮೀನನ್ನು ತರುವುದು ಜಾಣತನ. ಬಿಸಿಲಿಗೆ ನೀರು ಆವಿಯಾಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಇಳಿದಷ್ಟು ಜಾಗಕ್ಕೆ ಮತ್ತೆ ಬೋರ್ ನೀರನ್ನೇ ತುಂಬುತ್ತ ಹೋದರೆ ತಿಂಗಳೊಪ್ಪತ್ತಿನಲ್ಲಿ ಗಡಸು ಇನ್ನೂ ಏರುತ್ತದೆ. ಆವಿಯಾದಷ್ಟನ್ನು ಮಾತ್ರ ಆರ್‌ಒ ನೀರಿನಿಂದ ತುಂಬಿ.

ಬೋರ್ ನೀರಿನ ಪಿಎಚ್ ಕೂಡ ಹೆಚ್ಚಿದ್ದರೆ ಇನ್ನೊಂದು ಎಚ್ಚರಿಕೆ. ಅಮೋನಿಯಾ ಎರಡು ರೂಪದಲ್ಲಿರುತ್ತದೆ, ಕೊಲ್ಲುವುದು ಅದರಲ್ಲಿ ಒಂದೇ. ಪಿಎಚ್ 7, ಉಷ್ಣತೆ 25 ಡಿಗ್ರಿ ಇದ್ದಾಗ ಆ ವಿಷರೂಪ ಶೇ. 1ಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಹೋದರೆ ಶೇ. 5ರಷ್ಟು. ಬೇಸಿಗೆಯಲ್ಲಿ ಅದಕ್ಕಿಂತಲೂ ಹೆಚ್ಚು. ಒಂದೇ ಚಿಟಿಕೆ ಹೆಚ್ಚಿನ ಆಹಾರ ಒಂದೂರಿನಲ್ಲಿ ಜೀರ್ಣವಾಗಿ ಇನ್ನೊಂದೂರಿನಲ್ಲಿ ಕೊಲ್ಲುವುದು ಹೀಗೆ.

ಇಲ್ಲಿ ಗಿಡಗಳು ನಮ್ಮ ಪಾಲಿನ ದೊಡ್ಡ ಆಸ್ತಿ. ಅವು ನೈಟ್ರೇಟಿಗೆ ಕಾಯದೆ ಅಮೋನಿಯಾವನ್ನೇ ಹೀರಬಲ್ಲವು. ಡಯಾನಾ ವಾಲ್‌ಸ್ಟಾಡ್ ಎಂಬಾಕೆ 1999ರಲ್ಲಿ ಬರೆದ ಪುಸ್ತಕದಿಂದ ಮಣ್ಣಿನ ತೊಟ್ಟಿ ಜನಪ್ರಿಯವಾಯಿತು. ಕೆಳಗೆ ಒಂದಂಗುಲ ತೋಟದ ಮಣ್ಣು, ಮೇಲೆ ಒಂದಂಗುಲ ದಪ್ಪ ಮರಳು, ತುಂಬ ಗಿಡ, ಕಡಿಮೆ ಮೀನು. ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಬಿಡುವ ದುಬಾರಿ ವ್ಯವಸ್ಥೆಯ ಅಗತ್ಯವೇ ಇಲ್ಲ. ನಮ್ಮಲ್ಲಿ ಸಲೀಸಾಗಿ ಬರುವವು ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ನೀರುಬ್ರಾಹ್ಮಿ. ಇದು ಅಮ್ಮ ತಂಬುಳಿ ಮಾಡುವ ಒಂದೆಲಗವಲ್ಲ, ಪುಟ್ಟ ದಪ್ಪ ಎಲೆಯದು. ಗದ್ದೆ ಬದಿಯಲ್ಲಿ ಬೆಳೆಯುವ ಈ ಗಿಡ ನೀರಿನೊಳಗೆ ಮುಳುಗಿಯೂ ಬದುಕುತ್ತದೆ. ಬೆಳಕು ಕಡಿಮೆ ಇದ್ದರೆ ಅನೂಬಿಯಸ್, ಜಾವಾ ಫರ್ನ್. ಇವುಗಳ ಗೆಡ್ಡೆಯನ್ನು ಹೂಳಬಾರದು, ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಬೇಕು. ಹೂತರೆ ಕೊಳೆಯುತ್ತವೆ. ದೀಪ ದಿನಕ್ಕೆ ಆರೇಳು ಗಂಟೆ ಸಾಕು. ಗಾಜಿಗೆ ಪಾಚಿ ಕಟ್ಟಿದರೆ ಬೆಳಕು ಹೆಚ್ಚಾಯಿತು, ಇಲ್ಲವೇ ಆಹಾರ ಹೆಚ್ಚಾಯಿತು ಎಂದರ್ಥ.

ಬಿಸಿಲು ಮುಂದಿನ ಪರೀಕ್ಷೆ. ನೀರು 20 ಡಿಗ್ರಿಯಲ್ಲಿದ್ದಾಗ ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. 30ಕ್ಕೆ ಏರಿದರೆ ಏಳೂವರೆ ಮಾತ್ರ. ಮೇ ತಿಂಗಳ ವಿಜಯವಾಡದಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದು ಹಸಿವಿನಿಂದಲ್ಲ. ಮುಚ್ಚಳ ತೆಗೆದು, ನೀರಿನ ಮೇಲೆ ಗಾಳಿ ಬೀಸುವಂತೆ ಚಿಕ್ಕ ಫ್ಯಾನ್ ಇಡಿ. ಗಾಳಿ ಒಣಗಿದ ಮಧ್ಯಾಹ್ನ ನಮ್ಮಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಅದೇ ಫ್ಯಾನು ವಿಶಾಖಪಟ್ಟಣದ ಸೆಕೆಯಲ್ಲಿ ಒಂದು ಡಿಗ್ರಿ ಇಳಿಸಲೂ ಒದ್ದಾಡುತ್ತಿತ್ತು. ತೇವ ತುಂಬಿದ ಗಾಳಿಯಲ್ಲಿ ನೀರು ಆವಿಯಾಗುವುದಿಲ್ಲವಲ್ಲ. ಅಲ್ಲಿ ಏರ್ ಪಂಪೇ ಗತಿ.

ಕರೆಂಟು ಹೋದರೆ? 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೇ ಬಂದು ಅಪ್ಪಳಿಸಿತು. ಆಮೇಲೆ ದಿನಗಟ್ಟಲೆ ಕರೆಂಟಿಲ್ಲ, ಹಾಲಿಗೂ ಕುಡಿಯುವ ನೀರಿಗೂ ಸಾಲು. ಅಂಥ ಹೊತ್ತಿನಲ್ಲಿ ಮೀನಿನ ಯೋಚನೆ ಮಾಡುವುದು ತಮಾಷೆಯಾಗಿ ಕಾಣಬಹುದು. ಮಾಡಿದ್ದು ಇಷ್ಟೇ: ಆಹಾರ ಪೂರ್ತಿ ನಿಲ್ಲಿಸಿದೆವು, ಫಿಲ್ಟರಿನ ಸ್ಪಂಜನ್ನು ಡಬ್ಬಿಯಿಂದ ಬಿಚ್ಚಿ ತೊಟ್ಟಿಯೊಳಗೇ ಇಟ್ಟೆವು, ಗಂಟೆಗೊಮ್ಮೆ ಯಾರಾದರೂ ಚೊಂಬಿನಲ್ಲಿ ನೀರೆತ್ತಿ ಮೇಲಿಂದ ಸುರಿದೆವು. ಹಗಲು ಕಿಟಕಿಯ ಬೆಳಕಿಗೆ ಗಿಡಗಳೇ ಆಮ್ಲಜನಕ ಕೊಟ್ಟವು. ರಾತ್ರಿ ಅವೂ ಉಸಿರಾಡುವುದರಿಂದ ಚೊಂಬಿನ ಕೆಲಸ ಜಾಸ್ತಿ. ಒಂದೂ ಸಾಯಲಿಲ್ಲ. ಮುಚ್ಚಿದ ಫಿಲ್ಟರಿನಲ್ಲಿ ನಿಂತ ನೀರು ಆಮ್ಲಜನಕವಿಲ್ಲದೆ ಕೊಳೆಯುತ್ತದೆ. ಕರೆಂಟು ಬಂದ ಕೂಡಲೇ ಅದನ್ನು ತೊಟ್ಟಿಗೆ ಓಡಿಸದೆ ಮೊದಲು ಚೆಲ್ಲಬೇಕೆಂಬುದನ್ನು ಮಾತ್ರ ನೆನಪಿಡಿ.

ವಿಜಯವಾಡಕ್ಕೆ ವರ್ಗವಾದಾಗ ಮೀನುಗಳೂ ಜತೆಗೆ ಬಂದವು. ಹಿಂದಿನ ದಿನ ಉಪವಾಸ ಹಾಕಿ, ಚೀಲದಲ್ಲಿ ಮೂರನೇ ಒಂದು ಭಾಗ ನೀರು, ಉಳಿದದ್ದು ಆಮ್ಲಜನಕ ತುಂಬಿ, ಥರ್ಮಕೋಲ್ ಪೆಟ್ಟಿಗೆಯಲ್ಲಿಟ್ಟು ರಾತ್ರಿ ಕಾರಿನಲ್ಲಿ ಹೊರಟೆವು. ಮುನ್ನೂರೈವತ್ತು ಕಿಲೋಮೀಟರು. ಸ್ಪಂಜನ್ನು ಒದ್ದೆಯಾಗಿಯೇ ತಂದೆವು. ಇಳಿದ ಮೇಲೆ ಚೀಲ ಬಿಚ್ಚಿ ತಾಸುಗಟ್ಟಲೆ ಬಿಡಬಾರದು. ದಾರಿಯುದ್ದಕ್ಕೂ ಇಂಗಾಲದ ಡೈಆಕ್ಸೈಡ್ ಸೇರಿ ಚೀಲದ ನೀರಿನ ಪಿಎಚ್ ಇಳಿದಿರುತ್ತದೆ. ಬಿಚ್ಚಿದೊಡನೆ ಅದು ಏರಿ, ಅದುವರೆಗೆ ಸುಮ್ಮನಿದ್ದ ಅಮೋನಿಯಾ ವಿಷವಾಗುತ್ತದೆ.

ಆದರೆ ಎಲ್ಲರೂ ಹೀಗೆ ಕೊಂಡೊಯ್ಯುವುದಿಲ್ಲ. ನಾನು ಇದನ್ನು ಬರೆಯಲು ಕೂತದ್ದೂ ಅದಕ್ಕೇ. ನಮ್ಮ ಮೇಲಿನ ಮನೆಯವರಿಗೆ ಪುಣೆಗೆ ವರ್ಗವಾಯಿತು. ಅವರ ತೊಟ್ಟಿಯಲ್ಲಿ ಪಾಚಿ ತಿನ್ನುತ್ತದೆಂದು ತಂದ ಸಕ್ಕರ್ ಮೀನೊಂದಿತ್ತು. ತಂದಾಗ ಎರಡಂಗುಲ, ಈಗ ಒಂದಡಿ. “ಕೃಷ್ಣಾ ನದಿಗೆ ಬಿಟ್ಟುಬಿಡ್ತೀವಿ, ಪಾಪ ಬದುಕಿಕೊಳ್ಳಲಿ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು.

ಅದು ಬದುಕಿಕೊಳ್ಳುತ್ತದೆ, ತೊಂದರೆ ಇರುವುದೇ ಅಲ್ಲಿ. ಇದು ದಕ್ಷಿಣ ಅಮೆರಿಕದ ಮೀನು. ಮೈಯೆಲ್ಲ ಮೂಳೆಯ ಕವಚ, ಗಾಳಿ ಕುಡಿದೂ ಜೀವ ಹಿಡಿಯಬಲ್ಲದು, ದಂಡೆ ಕೊರೆದು ಬಿಲ ಮಾಡಿ ಮೊಟ್ಟೆಯಿಡುತ್ತದೆ. ಆಂಧ್ರದ ಕೆರೆ, ಹೊಳೆಗಳಲ್ಲಿ ಈಗ ಇದು ಬಲೆ ಹರಿಯುತ್ತಿದೆ. ಮೀನುಗಾರರು ಇದನ್ನು ದೆವ್ವದ ಮೀನು ಎನ್ನುತ್ತಾರೆ. ತಿನ್ನುವವರಿಲ್ಲ, ಮಾರುವಂತಿಲ್ಲ, ಬಲೆಯಿಂದ ಬಿಡಿಸಲು ಬಲೆಯನ್ನೇ ಕತ್ತರಿಸಬೇಕು. ಏಲೂರು ಬಳಿಯ ಕೊಲ್ಲೇರು ಸರೋವರದಂಥ ಕಡೆ ಮೀನೇ ಅನ್ನವಾಗಿರುವ ಸಂಸಾರಗಳು ಎಷ್ಟೋ ಇವೆ. ನಮ್ಮ ಕರುಣೆಯ ಖರ್ಚು ಅವರ ತಲೆಗೆ. ಗಪ್ಪಿಯದೂ ಅದೇ ಕಥೆ. ಸೊಳ್ಳೆಗೆಂದು ಕೆರೆಗೆ ಬಿಡುವ ಅದು ಹೊರದೇಶದ್ದು. ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆ ಇರುವ ನಮ್ಮದೇ ಪಾಂಚಾಕ್ಸ್ ಮೀನು ಸೊಳ್ಳೆಮರಿಗಳನ್ನು ಚೆನ್ನಾಗಿಯೇ ತಿನ್ನುತ್ತದೆ.

ಮೇಲಿನ ಮನೆಯವರಿಗೆ ಇಷ್ಟನ್ನೂ ಹೇಳಿದೆ. ಅಂಗಡಿಯವರು ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ. ಹದಿನೆಂಟು ದಿನ ಆ ಮೀನು ನಮ್ಮ ಬಾಲ್ಕನಿಯ ನೀಲಿ ಡ್ರಮ್ಮಿನಲ್ಲಿತ್ತು. ಮಗಳು ಸೌತೆಕಾಯಿ ಹಾಕುತ್ತಿದ್ದಳು. ಕೊನೆಗೆ ದೊಡ್ಡ ತೊಟ್ಟಿಯಿರುವ ಹೋಟೆಲೊಂದರ ಮ್ಯಾನೇಜರು ಒಪ್ಪಿದರು. ಎಲ್ಲ ಸಲವೂ ಹೀಗೆ ದಾರಿ ಸಿಗುತ್ತದೆಂದು ಹೇಳಲಾರೆ. ಆದ್ದರಿಂದ ಕೊಳ್ಳುವಾಗಲೇ ಕೇಳಿ: ಇದು ಎಷ್ಟುದ್ದ ಬೆಳೆಯುತ್ತದೆ? ನಮಗೆ ವರ್ಗವಾದರೆ ಇದು ಎಲ್ಲಿಗೆ ಹೋಗುತ್ತದೆ? ಉತ್ತರವಿಲ್ಲದ ಮೀನು ಬೇಡ. ಕತ್ತರಿಸಿದ ಗಿಡಗಳನ್ನೂ ಕಾಲುವೆಗೆ ಎಸೆಯಬೇಡಿ, ಒಣಗಿಸಿ ಹೂಕುಂಡಕ್ಕೆ ಹಾಕಿ.

ಕಳೆದ ಸಲ ಅಮ್ಮನನ್ನು ಪ್ರಕಾಶಂ ಬ್ಯಾರೇಜಿನ ಹತ್ತಿರದ ಘಾಟಿಗೆ ಕರೆದೊಯ್ದಿದ್ದೆ. ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಹೊಸಪೇಟೆಯ ಅಣೆಕಟ್ಟು ದಾಟಿ, ಸಂಗಮೇಶ್ವರದಲ್ಲಿ ಕೃಷ್ಣೆಯಾಗಿ, ಶ್ರೀಶೈಲ, ನಾಗಾರ್ಜುನಸಾಗರ ಹಾಯ್ದು ಇಲ್ಲಿಗೆ ಬರುತ್ತಾಳೆಂದು ವಿವರಿಸಿದೆ. ಪಟ್ಟಿಸೀಮೆಯಿಂದ ಗೋದಾವರಿಯೂ ಬಂದು ಬೆರೆಯುತ್ತಾಳೆಂದೂ ಹೇಳಿದೆ. ಅಮ್ಮ ಬೊಗಸೆಯಲ್ಲಿ ನೀರೆತ್ತಿ ತಲೆಗೆ ಹಾಕಿಕೊಂಡು, “ಇಷ್ಟು ದೂರ ಬಂದಿದಾಳೆ, ಗಲೀಜು ಮಾಡಬೇಡಿ” ಎಂದರು. ಕೈಚೀಲದಲ್ಲಿದ್ದ ಮಂಡಕ್ಕಿಯನ್ನು ಮೊಮ್ಮಗಳಿಗೆ ಕೊಟ್ಟರು.